ಖಾನೆಯಾಚೆ ಉಳಿದ ಹೆಸರು

ಪತ್ರಿಕಾ ಕಚೇರಿಯ ಕಂಪ್ಯೂಟರ್ ವಿಭಾಗಕ್ಕೆ ಈಗ ಸೇರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ, ಆಗ ಯಾವ ಸಾಫ್ಟ್‌ವೇರ್ ಬಳಸುತ್ತಿದ್ದಿರಿ ಎಂದು ಕೇಳುತ್ತಾರೆ. ಅದರ ಹೆಸರು ಹೇಳಿ ಪ್ರಯೋಜನವಿಲ್ಲ. ಬರೆದವರಿಗೇ ಈಗ ಅದು ನೆನಪಿರಲಾರದು. ಅದು ಏನನ್ನು ನುಂಗುತ್ತಿತ್ತು, ನುಂಗಿದ್ದನ್ನು ನಾವು ಹೇಗೆ ಹೊರಗೆ ತೆಗೆದೆವು ಎಂಬುದನ್ನು ಮಾತ್ರ ಇಲ್ಲಿ ಬರೆದಿಡುತ್ತೇನೆ. ಇಂದಿನ ನಿಮ್ಮ ಕೆಲಸಕ್ಕೂ ಅಷ್ಟು ಸಾಕು.

ಹೊಸಪೇಟೆಯ ಒಂದು ಚಿಕ್ಕ ದಿನಪತ್ರಿಕೆಗೆ ನಾನು ಟೈಪಿಸ್ಟಾಗಿ ಸೇರಿದೆ, ಕಂಪ್ಯೂಟರ್ ವಿಭಾಗ ನೋಡಿಕೊಳ್ಳುವವಳಾಗಿ ನಿವೃತ್ತಳಾದೆ. ನಡುವಿನ ಬಡ್ತಿಗಳ ಕಥೆ ಕೇಳಿ ನಮ್ಮ ಮನೆಯವರಿಗೇ ಬೇಸರವಾಗಿದೆ. ಅದನ್ನು ಬಿಡುತ್ತೇನೆ.

ನನ್ನ ಪಾಲಿಗೆ ಬಂದದ್ದು ಸಣ್ಣ ಜಾಹೀರಾತುಗಳ ಪುಟ. ಬಾಡಿಗೆ ಮನೆ, ಅಂಗಡಿ ಆರಂಭ, ನಿವೃತ್ತಿಯ ಅಭಿನಂದನೆ, ನಿಧನ, ಪುಣ್ಯಸ್ಮರಣೆ. ಸಂಡೂರು ಮತ್ತು ಕಂಪ್ಲಿಯಲ್ಲಿ ನಮಗೆ ಒಂದೊಂದು ಶಾಖೆಯಿತ್ತು. ಅಲ್ಲಿ ಟೈಪಾದ ಜಾಹೀರಾತುಗಳು ಫ್ಲಾಪಿಯಲ್ಲಿ ಕುಳಿತು, ಬಸ್ಸಿನ ಕಂಡಕ್ಟರ್ ಕೈಯಲ್ಲಿ ಹೊಸಪೇಟೆಗೆ ಬರುತ್ತಿದ್ದವು. ಸಂಡೂರಿನ ಫ್ಲಾಪಿ ಯಾವುದೆಂದು ಚೀಟಿ ನೋಡದೆಯೇ ಹೇಳಬಹುದಿತ್ತು. ಅದಿರಿನ ಕೆಂಪು ಧೂಳು ಅಂಚಿಗೆ ಹತ್ತಿರುತ್ತಿತ್ತು. ಒರೆಸಿ ಯಂತ್ರಕ್ಕೆ ಹಾಕುವುದು ನಮ್ಮ ದಿನದ ಮೊದಲ ಕೆಲಸ.

ಆ ಪ್ರೋಗ್ರಾಂನಲ್ಲಿ ಪ್ರತಿ ಜಾಹೀರಾತಿಗೂ ಒಂದು ದಾಖಲೆ, ದಾಖಲೆಯೊಳಗೆ ಅಳತೆ ಮಾಡಿಟ್ಟ ಖಾನೆಗಳು. ಜಾಹೀರಾತಿನ ಸಂಖ್ಯೆಗೆ ಒಂದು, ಅದು ಯಾವ ಬಗೆಯದೆಂಬ ಗುರುತಿನ ಅಕ್ಷರಕ್ಕೆ ಒಂದು, ಹೆಸರಿಗೆ ಒಂದು, ತಾರೀಖಿಗೆ ಒಂದು, ಉಳಿದ ಒಕ್ಕಣೆಗೆ ಒಂದು. ಇಡ್ಲಿ ತಟ್ಟೆಯ ಗುಳಿಗಳನ್ನು ನೆನೆಸಿಕೊಳ್ಳಿ. ಎಲ್ಲವೂ ಒಂದೇ ಅಳತೆ, ಹಿಟ್ಟು ಹೆಚ್ಚಾದರೆ ಪಕ್ಕದ ಗುಳಿಗೆ ಹರಿಯುತ್ತದೆ. ಹೆಸರಿನ ಖಾನೆಗೆ ಮೂವತ್ತೆರಡು ಬೈಟ್ ಜಾಗ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಅಕ್ಷರಕ್ಕೊಂದೇ ಬೈಟ್, ಹೆಸರಿಗೆ ಅದು ಧಾರಾಳ. ಕನ್ನಡದಲ್ಲಿ ಗುಣಿತಕ್ಕೊಂದು, ಒತ್ತಿಗೊಂದು ಬೇರೆ ಬೈಟ್ ಬೇಕು. ಊರು, ಮನೆತನ, ತಂದೆಯ ಹೆಸರು ಮುಗಿಯುವಷ್ಟರಲ್ಲಿ ಖಾನೆ ತುಂಬಿರುತ್ತಿತ್ತು.

ಹಿಟ್ಟು ಹರಿಯುವುದನ್ನು ನಾವು ಮೊದಲು ಕಂಡದ್ದು ಕಂಪ್ಲಿಯ ಅಕ್ಕಿ ವ್ಯಾಪಾರಿಯೊಬ್ಬರ ದೆಸೆಯಿಂದ. ಅವರ ಅಂಗಡಿಯ ಹೆಸರಿನಲ್ಲಿ ಮನೆದೇವರು, ತಂದೆ, ಇಬ್ಬರು ಗಂಡುಮಕ್ಕಳು, ಕೊನೆಗೆ ಮರ್ಚೆಂಟ್ಸ್ ಎಲ್ಲ ಇದ್ದವು. ಹೆಸರು ಖಾನೆ ಮೀರಿ ತಾರೀಖಿನ ಖಾನೆಗೆ ನುಗ್ಗಿತು. ತಾರೀಖು ಹುಡುಕಿದ ಪ್ರೋಗ್ರಾಂಗೆ ಅಲ್ಲಿ ಮರ್ಚೆಂಟ್ಸ್ ಸಿಕ್ಕಿತು. ನಿಂತೇಬಿಟ್ಟಿತು. ಸಂಪಾದಕರಾದ ವಿರೂಪಾಕ್ಷಪ್ಪನವರು ನನ್ನ ಬೆನ್ನ ಹಿಂದೆ ಬಂದು ನಿಂತರು.

“ಏನಾತು ಸರೋಜಾ?”

“ಅಂಗಡಿ ಹೆಸರು ಹೋಗಿ ತಾರೀಖಿನ ಮ್ಯಾಲ ಕುಂತೈತ್ರಿ ಸರ್.”

“ಎಬ್ಬಸ್ರಿ ಮತ್ತ. ಸಾಹುಕಾರ ಅಂತ ಬಿಟ್ಟೀರೇನು?”

ಪ್ರೋಗ್ರಾಂ ನೋಡಿಕೊಳ್ಳಲು ಬಳ್ಳಾರಿಯಿಂದ ಬರುತ್ತಿದ್ದವನು ಪ್ರಸಾದ್ ಎಂಬ ಎಂಜಿನಿಯರ್. ಅವನು ಬಂದು, ಖಾನೆ ತುಂಬಿದ ಕೂಡಲೇ ಹೆಸರನ್ನು ಕತ್ತರಿಸುವ ಪುಟ್ಟದೊಂದು ಬೇರೆ ಪ್ರೋಗ್ರಾಂ ಬರೆದು, ಫ್ಲಾಪಿಗೆ ಉಳಿಸುವಾಗ ಓಡುವ ಹಾಗೆ ಶಾಖೆಗಳಲ್ಲೂ ಸೇರಿಸಿದ. ಪುಟ ನಿಲ್ಲುವುದು ತಪ್ಪಿತು. ಆದರೆ ಕತ್ತರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಷರದ ನಡುವೆಯೇ ಕತ್ತರಿಸಿ, ಅರ್ಧ ಉಳಿದದ್ದನ್ನು ಹೆಸರಿನ ತುದಿಗೆ ಏನೇನೋ ಗುರುತು ಮಾಡಿ ಅಚ್ಚಿಗೆ ಕಳಿಸುತ್ತಿತ್ತು. ಹಂಪಿಯಲ್ಲಿ ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಿದ್ದ ಒಬ್ಬರು ಪತ್ರಿಕೆಯನ್ನು ಮಡಚಿ ಹಿಡಿದುಕೊಂಡು ಬಂದರು.

“ಮೇಡಂ, ನಮ್ಮ ಬೋರ್ಡಿಗೆ ಬಾಲ ಇಲ್ಲ. ಇದನ್ನ ಎಲ್ಲಿಂದ ತಂದು ಅಂಟಿಸಿದ್ರಿ?”

ಪ್ರಸಾದ್ ಮತ್ತೊಮ್ಮೆ ಬಂದ. ಹಿಡಿಸದ ಪದವನ್ನು ಪೂರ್ತಿ ಬಿಟ್ಟು, ಹಿಂದಿನ ಪದಕ್ಕೆ ನಿಲ್ಲುವಂತೆ ಕತ್ತರಿಗೆ ಬುದ್ಧಿ ಕಲಿಸಿದ. ಅಲ್ಲಿಂದ ಮುಂದೆ ಪುಟದಲ್ಲಿ ಕಸ ಕಾಣಲಿಲ್ಲ. ಎಲ್ಲರೂ ಮೆಚ್ಚಿಕೊಂಡೆವು.

ಇಲ್ಲಿ ವಿರೂಪಾಕ್ಷಪ್ಪನವರ ಒಂದು ಪದ್ಧತಿಯನ್ನು ಹೇಳಬೇಕು. ಸುದ್ದಿ ತಪ್ಪಾದರೆ ಮರುದಿನ ತಿದ್ದುಪಡಿ ಹಾಕುತ್ತಿದ್ದರು. ಹೆಸರು ತಪ್ಪಾದರೆ ತಿದ್ದುಪಡಿ ಸಾಲದು, ಕಚೇರಿಯಿಂದ ಒಬ್ಬರು ಆ ಮನೆಗೆ ಹೋಗಿ ಬರಬೇಕು. ಪತ್ರ, ಫೋನು ನಡೆಯದು. “ಅವರ ಕಟ್ಟಿ ಮ್ಯಾಲ ಕುಂತು, ಅವರು ಅಂದದ್ದು ಕೇಳಿ ಬರ್ರಿ” ಎನ್ನುತ್ತಿದ್ದರು. ಹೀಗೆ ಹೋಗಿ ಬಂದವರು ಆಮೇಲೆ ಹೆಸರುಗಳನ್ನು ನೋಡುವ ರೀತಿಯೇ ಬೇರೆಯಾಗುತ್ತಿತ್ತು. ನಾನು ಬಂಡ್ರಿಗೆ ಹೋದದ್ದು ಈ ಪದ್ಧತಿಯ ಪ್ರಕಾರ.

ನಮ್ಮ ಕಡೆಯ ಹಳ್ಳಿಗಳಲ್ಲಿ ಪೂರ್ತಿ ಹೆಸರು ಬರೆಸುವಾಗ ಊರು ಮೊದಲು, ಆಮೇಲೆ ಮನೆತನ, ಆಮೇಲೆ ತಂದೆ. ಆ ಮನುಷ್ಯನದೇ ಹೆಸರು ಎಲ್ಲಕ್ಕಿಂತ ಕೊನೆಗೆ. ಹಿರಿಯ ಮಗನಾದರೆ ತಂದೆಯ ಹೆಸರಿಗೇ ನಿಲ್ಲಿಸಿದರೂ ಜನ ಗುರುತು ಹಿಡಿಯುತ್ತಾರೆ. ಸಂಡೂರು ತಾಲ್ಲೂಕಿನ ಬಂಡ್ರಿಯಲ್ಲಿ ಗಣಿಯ ಲಾರಿಗೆ ಅದಿರು ತುಂಬುತ್ತಿದ್ದ ಒಬ್ಬರು ತೀರಿಕೊಂಡಾಗ, ಅವರ ಹೆಂಡತಿ ಈರಮ್ಮ ನಮ್ಮ ಸಂಡೂರು ಶಾಖೆಯಲ್ಲಿ ನಿಧನದ ಜಾಹೀರಾತು ಕೊಟ್ಟರು. ಹೆಸರು, ಬಂಡ್ರಿ ಕಟ್ಟಿಮನಿ ದೊಡ್ಡಹನುಮಂತಪ್ಪನವರ ಕುಮಾರಪ್ಪ. ಶಾಖೆಯ ನಾಗರಾಜ ಟೈಪ್ ಮಾಡಿದ, ಕಂಪ್ಯೂಟರ್ ತೆರೆಯ ಮೇಲೆ ಕಂಡದ್ದನ್ನು ಗಟ್ಟಿಯಾಗಿ ಓದಿ ಹೇಳಿದ. ತೆರೆಯಲ್ಲಿ ಪೂರ್ತಿ ಹೆಸರಿತ್ತು. ಫ್ಲಾಪಿಗೆ ಉಳಿಸುವಾಗ ಖಾನೆ ತುಂಬಿತು, ಕತ್ತರಿ ಕಲಿತ ಬುದ್ಧಿಯಂತೆ ಕೊನೆಯ ಪದವನ್ನು ಬಿಟ್ಟಿತು. ಬಂಡ್ರಿ ಕಟ್ಟಿಮನಿ ದೊಡ್ಡಹನುಮಂತಪ್ಪನವರ ಎಂದಷ್ಟೇ ಅಚ್ಚಾಯಿತು. ಓದಿದವರಿಗೆ ಅದು ಹಿರಿಯ ಮಗ, ಅಂದರೆ ಕುಮಾರಪ್ಪನ ಅಣ್ಣ ಹುಲುಗಪ್ಪ.

ನಾನು ಹೋದಾಗ ಹುಲುಗಪ್ಪ ಮನೆಯ ಕಟ್ಟೆಯ ಮೇಲೆಯೇ ಇದ್ದರು. ಯಾರೆಂದು ಹೇಳಿಕೊಂಡೆ. ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಬರ್ರಿ ಮೇಡಂ, ಕುಂದ್ರಿ. ಸತ್ತವನ ಕೈಯಾಗ ಚಾ ಕುಡೀತೀರೇನು?”

ನಾನು ಕುಳಿತೆ. ಅವರೇ ಮುಂದುವರಿಸಿದರು.

“ಕಂಪ್ಲಿ ಬೀಗರು ಇಷ್ಟುದ್ದ ಹಾರ ಹಿಡ್ಕೊಂಡು, ಅಳಕಂತ ಬಂದ್ರು. ನಾನು ಇಲ್ಲೇ ಗಡ್ಡ ಹೆರಕಂತ ಕುಂತಿದ್ದೆ. ಹಾರ ತಂದ ಮನುಷ್ಯಾಗೆ ಯಾರ ಕೊಳ್ಳಾಗ ಹಾಕಬೇಕು ತಿಳೀವಲ್ದು. ಹಿಂದಕ ಒಯ್ಯಾಂಗಿಲ್ಲ. ಕಡೀಗೆ ಬಾಗಲಿಗೆ ಹಾಕಿದ್ರು.” ನಕ್ಕರು. ಆಮೇಲೆ ದನಿ ತಗ್ಗಿಸಿದರು. “ನಾನು ನಗ್ತೀನ್ರಿ. ಒಳಗ ಆಕಿ ನಗಂಗಿಲ್ಲ. ಆಕಿಗೆ ಏನ್ ಹೇಳ್ತೀರೋ ಹೇಳಿ ಹೋಗ್ರಿ.”

ಈರಮ್ಮ ಬಾಗಿಲ ಬಳಿ ಬಂದು ನಿಂತರು. ಪ್ರೋಗ್ರಾಂ, ಖಾನೆ, ಕತ್ತರಿ ಎಲ್ಲವನ್ನೂ ತಿಳಿಯುವ ಹಾಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ನಾಳೆಯೇ ತಿದ್ದುಪಡಿ ಹಾಕುತ್ತೇವೆ ಎಂದೆ.

“ತಿದ್ದುಪಡಿ ಬ್ಯಾಡ್ರಿ,” ಎಂದರು. “ತಿದ್ದಾಕ ಅವರೇನು ತಪ್ಪಲ್ಲ.”

ಆಮೇಲೆ ನಿಧಾನವಾಗಿ ಹೇಳಿದರು. “ಗಣಿಯಾಗ ಅವರಿಗೆ ನಂಬರ ಇತ್ತು. ಊರಾಗ ಹುಲುಗಪ್ಪನ ತಮ್ಮ ಅಂತಿದ್ರು. ಮನಿಯಾಗ ನಾನು ‘ಏನ್ರಿ’ ಅಂತಿದ್ದೆ. ಪೇಪರನ್ಯಾಗಾರ ಒಂದ್ಸಲ ಅವರ ಹೆಸರು ಬರ್ಲಿ ಅಂತ ಕೊಟ್ಟಿದ್ದೆ. ವರ್ಷದ ದಿನಕ್ಕ ಮತ್ತ ಕೊಡ್ತೀನಿ. ಅವಾಗಾರ ತುದಿತನಕ ಬರ್ತೈತೇನ್ರಿ?”

ಬರುತ್ತದೆ ಎಂದೆ. ಹೇಗೆ ಎಂಬುದು ನನಗೆ ಗೊತ್ತಿರಲಿಲ್ಲ.

ಕಚೇರಿಗೆ ಬಂದು ಎಲ್ಲವನ್ನೂ ವಿರೂಪಾಕ್ಷಪ್ಪನವರಿಗೆ ಹೇಳಿದೆ. ವರ್ಷದ ದಿನಕ್ಕೆ ಅವರು ಕೊಡುವ ಆ ಒಂದು ಜಾಹೀರಾತನ್ನು ಪುಟದಲ್ಲಿ ಕೈಯಿಂದಲೇ ಸರಿಪಡಿಸಿಬಿಡೋಣ ಎಂದೆ.

“ಬಂಡ್ರಿ ಈರಮ್ಮಗ ಕೈಲೆ ಮಾಡ್ತೀರಿ. ನಮ್ಮ ಬಾಗಲಿಗೆ ಬರದಿರೋ ಈರಮ್ಮಗ?”

ಹಳೆಯ ಸಂಚಿಕೆಗಳನ್ನು ತೆಗೆಸಿ, ಜಾಹೀರಾತು ಕೊಟ್ಟವರು ಬರೆಸಿದ್ದ ಅರ್ಜಿಯಲ್ಲಿನ ಹೆಸರಿನ ಜೊತೆ ಅಚ್ಚಾದ ಹೆಸರನ್ನು ಇಟ್ಟು ನೋಡಿದೆವು. ತಂದೆಯ ಹೆಸರಿಗೇ ನಿಂತುಹೋದವರು ಇನ್ನೂ ಇದ್ದರು. ಯಾರೂ ದೂರು ಕೊಟ್ಟಿರಲಿಲ್ಲ. ಹಂಪಿಯವರು ಬಾಲ ಹಿಡಿದುಕೊಂಡು ಬಂದ ಕಾಲದಲ್ಲಿ, ಇಲ್ಲಿ ಏನೋ ಕತ್ತರಿಸಿದೆ ಎಂದಾದರೂ ತಿಳಿಯುತ್ತಿತ್ತು. ಅಚ್ಚುಕಟ್ಟಾಗಿ ಕತ್ತರಿಸಲು ಕಲಿತ ಮೇಲೆ ಅದೂ ತಿಳಿಯದಾಯಿತು. ಇದನ್ನು ದಯವಿಟ್ಟು ನೆನಪಿಡಿ. ಹಿಡಿಸದಿದ್ದರೆ ಪ್ರೋಗ್ರಾಂ ಕೂಗಬೇಕು. ಸದ್ದಿಲ್ಲದೆ ಕತ್ತರಿಸುವ ಪ್ರೋಗ್ರಾಂ, ನಿಂತುಹೋಗುವ ಪ್ರೋಗ್ರಾಂಗಿಂತ ಕೆಟ್ಟದ್ದು.

ಪ್ರಸಾದ್‌ಗೆ ಹೇಳಿ ಕಳಿಸಿದೆವು. “ಇದೇನು ಅಕ್ಕಾ, ಖಾನೆ ದೊಡ್ಡದು ಮಾಡಿದ್ರ ಆತು” ಎಂದು ಹೊಸಪೇಟೆಯ ಪ್ರೋಗ್ರಾಂನಲ್ಲಿ ಹೆಸರಿನ ಖಾನೆಯನ್ನು ಎರಡು ಪಟ್ಟು ಮಾಡಿದ. ಸಂಡೂರಿನ ಮತ್ತು ಕಂಪ್ಲಿಯ ಫ್ಲಾಪಿಗಳು ಮಾತ್ರ ಹಳೆಯ ಅಳತೆಯಲ್ಲೇ ಬಂದವು. ಹೊಸ ಪ್ರೋಗ್ರಾಂ ಹೊಸ ಅಳತೆಯ ಹೆಜ್ಜೆ ಹಾಕುತ್ತಾ ಓದಿತು. ಒಂದು ದಾಖಲೆಯ ಬಾಲ ಇನ್ನೊಂದರ ತಲೆಯಾಯಿತು. ಮಧ್ಯಾಹ್ನ ಪ್ರೂಫ್ ತೆಗೆದು ನೋಡಿದರೆ, ಕಂಪ್ಲಿಯ ನಿವೃತ್ತ ಮುಖ್ಯೋಪಾಧ್ಯಾಯರೊಬ್ಬರ ಹೆಸರಿನ ಕೆಳಗೆ ‘ನೀರಿನ ಸೌಕರ್ಯವಿದೆ, ಬಾಡಿಗೆಗೆ ಇದೆ’ ಎಂದಿತ್ತು.

ವಿರೂಪಾಕ್ಷಪ್ಪನವರು ಪ್ರೂಫನ್ನು ದೂರ ಹಿಡಿದು ಓದಿದರು. “ಲೇ ಪ್ರಸಾದ, ಮಾಸ್ತರನ್ನ ಬಾಡಿಗಿಗೆ ಬಿಟ್ಟೀಯಲ್ಲೋ. ಅಡ್ವಾನ್ಸ್ ಎಷ್ಟು ಅಂತನೂ ಹಾಕಿಬಿಡು.”

ಅಚ್ಚಿಗೆ ಹೋಗುವ ಮುನ್ನ ಸಿಕ್ಕಿಬಿದ್ದಿತು, ಯಾರ ಮನೆಗೂ ಹೋಗುವ ಪ್ರಸಂಗ ಬರಲಿಲ್ಲ. ಹಳೆಯ ಅಳತೆಗೆ ಮರಳಿದೆವು. ಮೂರೂ ಕಡೆ ಒಟ್ಟಿಗೆ ಬದಲಿಸಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ. ಕತ್ತರಿಯೇನೋ ಪ್ರಸಾದ್ ಬರೆದದ್ದು, ಆದರೆ ಶಾಖೆಗಳ ಮುಖ್ಯ ಪ್ರೋಗ್ರಾಂ ಬರೆದವನು ಕೆಲಸ ಬಿಟ್ಟು ಹೋಗಿದ್ದ, ಬದಲಿಸಲು ಬೇಕಾದ ಅದರ ಮೂಲ ಬರಹ ಯಾರ ಬಳಿಯೂ ಇರಲಿಲ್ಲ. ಕಂಪ್ಲಿಯ ಯಂತ್ರ ಹೊಸ ಪ್ರೋಗ್ರಾಂ ಹೊರುವಂಥದ್ದಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಹಿಂದಿನ ವರ್ಷಗಳ ಎಲ್ಲ ಜಾಹೀರಾತುಗಳೂ ಹಳೆಯ ಅಳತೆಯಲ್ಲೇ ಉಳಿದಿದ್ದವು. ಅಪ್ಪ ತೀರಿಕೊಂಡದ್ದು ನಿಮ್ಮ ಪತ್ರಿಕೆಯಲ್ಲಿ ಬಂದಿತ್ತು, ಒಂದು ಪ್ರತಿ ಬೇಕು ಎಂದು ಜನ ಬರುತ್ತಿದ್ದರು. ಮುಂದಿನವರ ಹೆಸರು ಉಳಿಸಲು ಹೋಗಿ ಹಿಂದಿನವರ ಹೆಸರು ಕಳೆಯುವ ಹಾಗಿರಲಿಲ್ಲ. ಹಳೆಯದು ಹಾಗೆಯೇ ಓದಲು ಬರಬೇಕು, ಹೊಸದು ಪೂರ್ತಿ ಬರಬೇಕು. ತಿಂಗಳುಗಟ್ಟಲೆ ಇದೇ ನಮ್ಮ ಗಂಟಾಗಿತ್ತು. ಈರಮ್ಮನ ಗಂಡನ ವರ್ಷದ ದಿನ ಹತ್ತಿರವಾಗುತ್ತಿತ್ತು.

ಗಂಟು ಬಿಚ್ಚಿದ್ದು ಬಸ್‌ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ, ಮಂಡಕ್ಕಿ ವಗ್ಗರಣಿ, ಮಿರ್ಚಿ ಬಜ್ಜಿ ತಿನ್ನುತ್ತಿರುವಾಗ. ಅಂದು ನಾಗರಾಜನೂ ಸಂಡೂರಿನಿಂದ ಬಂದಿದ್ದ. ಪ್ರಸಾದ್ ಅವನನ್ನು ರೇಗಿಸುತ್ತಿದ್ದ.

“ನೆನಪೈತೇನು ನಾಗಣ್ಣಾ, ಬಗೆ ಖಾನೆಯಾಗ ತಪ್ಪು ಅಕ್ಷರ ಒತ್ತಿ, ಯಾರದೋ ಮನಿ ಗೃಹಪ್ರವೇಶನ ಮಾಯ ಮಾಡಿದ್ದು?”

“ನೆನಪ್ಯಾಕ ಇರಂಗಿಲ್ಲ. ಆ ಮನಿಯವರು ನನ್ನ ಪ್ರವೇಶ ಮಾಡಿಸಿದ್ರು, ಗೋಡಿಯೊಳಗ.”

ನಕ್ಕೆವು. ಪ್ರಸಾದ್‌ನ ಮಿರ್ಚಿ ಬಾಯಿಯ ಬಳಿಯೇ ನಿಂತಿತು. ನಾಗರಾಜ ಅಂದು ಒತ್ತಿದ ಅಕ್ಷರ ಪ್ರೋಗ್ರಾಂಗೆ ಗೊತ್ತಿರದ ಬಗೆ. ಗೊತ್ತಿರದ ಬಗೆಯ ದಾಖಲೆ ಬಂದರೆ ಅದು ನಿಲ್ಲಲಿಲ್ಲ, ಪಕ್ಕದವರನ್ನು ಕೆಡಿಸಲಿಲ್ಲ. ಆ ದಾಖಲೆಯನ್ನು ದಾಟಿ ಮುಂದೆ ಹೋಗಿತ್ತು.

“ಅಕ್ಕಾ,” ಎಂದ ಪ್ರಸಾದ್. “ಖಾನೆ ಮುಟ್ಟೋದೇ ಬ್ಯಾಡ. ಉಳಿದ ಹೆಸರಿಗೆ ಇನ್ನೊಂದು ದಾಖಲೆ ಕೊಡೂನು.”

ಕೈ ತೊಳೆಯದೆಯೇ ಲೆಕ್ಕ ಹಾಕಿದೆವು. ಮೊದಲ ದಾಖಲೆ ಹಳೆಯದರ ಹಾಗೆಯೇ, ಅದೇ ಅಳತೆ, ಹಿಡಿಸಿದಷ್ಟು ಹೆಸರು. ಅದರ ಹಿಂದೆಯೇ ಅಷ್ಟೇ ಅಳತೆಯ ಇನ್ನೊಂದು ದಾಖಲೆ. ಅದಕ್ಕೆ ಜಾಹೀರಾತಿನ ಅದೇ ಸಂಖ್ಯೆ, ಬಗೆಯ ಖಾನೆಯಲ್ಲಿ ‘ಮುಂದುವರಿಕೆ’ ಎಂಬುದಕ್ಕೆ ಒಂದು ಹೊಸ ಗುರುತು, ಹೆಸರಿನ ಖಾನೆಯಲ್ಲಿ ಉಳಿದ ಹೆಸರು. ಶಾಖೆಯವರು ಇದನ್ನು ಹಳೆಯ ಪ್ರೋಗ್ರಾಂನಲ್ಲೇ ಟೈಪ್ ಮಾಡಬಹುದು. ಹಳೆಯ ಪ್ರೋಗ್ರಾಂ ಎಲ್ಲಿದ್ದರೂ ಆ ಗುರುತು ತಿಳಿಯದೆ ದಾಟಿ ಹೋಗುತ್ತದೆ, ಅದರ ಕೆಲಸ ಕೆಡುವುದಿಲ್ಲ. ಹೊಸಪೇಟೆಯ ಪ್ರೋಗ್ರಾಂಗೆ ಮಾತ್ರ ಎರಡನ್ನೂ ಜೋಡಿಸಿ ಅಚ್ಚು ಮಾಡಲು ಕಲಿಸಿದರೆ ಸಾಕು. ಹಿಂದಿನ ವರ್ಷಗಳ ದಾಖಲೆಗಳಿಗೆ ಮುಂದುವರಿಕೆ ಇರುವುದಿಲ್ಲ, ಅವು ಇದ್ದ ಹಾಗೆಯೇ ಓದಲು ಬರುತ್ತವೆ.

ಪ್ರಸಾದ್ ಅದನ್ನು ಬರೆದ. ಹಳೆಯ ಫ್ಲಾಪಿ, ಹೊಸ ಫ್ಲಾಪಿ, ಎರಡನ್ನೂ ಬೆರೆಸಿದ್ದು ಎಲ್ಲವನ್ನೂ ಓಡಿಸಿ ನೋಡಿದೆವು. ಕಂಪ್ಲಿಗೆ ಹೋಗಿ ಅಲ್ಲಿನ ಹಳೆಯ ಯಂತ್ರದಲ್ಲೂ ಓಡಿಸಿದೆವು. ಯಾವ ಮಾಸ್ತರೂ ಬಾಡಿಗೆಗೆ ಹೋಗಲಿಲ್ಲ. ಜೊತೆಗೆ ಎರಡು ನಿಯಮಗಳು ಬಂದವು. ತೆರೆ ನೋಡಿ ಹೆಸರು ಓದಬಾರದು, ಫ್ಲಾಪಿಯಲ್ಲಿ ಉಳಿದದ್ದನ್ನು ಒಂದು ದಾಖಲೆಯನ್ನೂ ದಾಟದೆ, ಇದ್ದ ಹಾಗೆ ಕಾಗದದ ಮೇಲೆ ತೆಗೆದು ಓದಬೇಕು. ಜಾಹೀರಾತು ಕೊಟ್ಟವರು ಹೆಸರನ್ನು ಒಮ್ಮೆ ಬಾಯಿಂದ ಹೇಳಬೇಕು, ನಾವು ಕಾಗದದ ಜೊತೆ ತಾಳೆ ನೋಡಬೇಕು. ಎರಡನೆಯ ನಿಯಮ ವಿರೂಪಾಕ್ಷಪ್ಪನವರದು.

ವರ್ಷದ ದಿನದ ಹಿಂದಿನ ದಿನ ನಾನೇ ಸಂಡೂರಿಗೆ ಹೋಗಿ ಶಾಖೆಯಲ್ಲಿ ಕುಳಿತೆ. ಮಧ್ಯಾಹ್ನದ ಬಸ್ಸಿಗೆ ಈರಮ್ಮ ಒಬ್ಬರೇ ಬಂದರು. ಭಾವ ಹುಲುಗಪ್ಪ ಬರೆದುಕೊಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟರು. ನಾಗರಾಜ ಎರಡು ದಾಖಲೆ ಟೈಪ್ ಮಾಡಿದ, ಫ್ಲಾಪಿಗೆ ಉಳಿಸಿದ, ಕಾಗದಕ್ಕೆ ತೆಗೆದ. ಆಮೇಲೆ ಅಭ್ಯಾಸದಂತೆ ಕೇಳಿದ.

“ಹೆಸರು ಒಂದ್ಸಲ ಹೇಳವ್ವಾ.”

ಈರಮ್ಮ ಮೇಜಿನ ಮೇಲಿನ ಚೀಟಿಯನ್ನೇ ಅವನ ಕಡೆ ಸರಿಸಿದರು. ನಾಗರಾಜನಿಗೂ ಆಗ ಹೊಳೆಯಿತು. ಅವನು ನನ್ನ ಕಡೆ ನೋಡಿದ. ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಮದುವೆಯಲ್ಲಿ, ಸೀಮಂತದಲ್ಲಿ, ಹೆಂಗಸರು ಸುತ್ತ ಕೂತು ಒತ್ತಾಯ ಮಾಡಿದರೆ ಒಂದು ಒಡಪು, ಅಂದರೆ ಪ್ರಾಸದ ಸಾಲು, ಕಟ್ಟಿ ಅದರ ಕೊನೆಗೆ ಸೇರಿಸಿ ಹೇಳುತ್ತಾರೆ. ಗಂಡ ಹೋದ ಮೇಲೆ ಒಡಪನ್ನು ಯಾರೂ ಕೇಳುವುದೂ ಇಲ್ಲ, ಹೆಂಡತಿ ಹೇಳುವುದೂ ಇಲ್ಲ. ನಿಯಮ ಮಾಡುವಾಗ ನಮಗಾರಿಗೂ ಇದು ನೆನಪಾಗಿರಲಿಲ್ಲ.

“ಇರಲಿ ಬಿಡ್ರಮ್ಮ,” ಎಂದೆ. “ಚೀಟಿ ಐತಲ್ಲ, ನಾನೇ ಓದ್ತೀನಿ.”

“ಇರ್ರಿ,” ಎಂದರು. “ಹೋದ ಸಲಾನೂ ನಿಮ್ಮವರೇ ಓದಿದ್ರು.”

ಸೆರಗನ್ನು ಸರಿಮಾಡಿಕೊಂಡರು. ಹೊರಗೆ ಬಸ್ಸು ಹಿಂದಕ್ಕೆ ತೆಗೆಯುವ ಶಿಳ್ಳೆ ಕೇಳುತ್ತಿತ್ತು, ಅದು ನಿಲ್ಲುವವರೆಗೆ ಕಾದರು. ಆಮೇಲೆ ನಮ್ಮಿಬ್ಬರನ್ನೂ ನೋಡದೆ, ಮೇಜಿನ ಮೇಲಿನ ಕಾಗದಕ್ಕೆ ಹೇಳುವವರ ಹಾಗೆ ಹೇಳಿದರು.

“ಗುಡ್ಡದ ಧೂಳು ಕೆಂಪ, ಗಡಿಗಿ ನೀರು ತಂಪ, ಬಿಸಿ ರೊಟ್ಟಿಗಿ ತುಪ್ಪ, ನನ್ನವರು ಕುಮಾರಪ್ಪ.”

ನಾಗರಾಜ ತಲೆ ಎತ್ತಲಿಲ್ಲ. ಕಾಗದದ ಮೇಲೆ ಬೆರಳಿಟ್ಟು, “ಐತ್ರಿ,” ಎಂದ. ನಾನೂ ನೋಡಿದೆ. ಮೊದಲ ಸಾಲಿನಲ್ಲಿ ಊರು, ಮನೆತನ, ತಂದೆ. ಕೆಳಗಿನ ಸಾಲಿನಲ್ಲಿ ಆ ಒಂದೇ ಪದ. ಈರಮ್ಮ ಅವನ ಬೆರಳಿದ್ದಲ್ಲಿ ಬಗ್ಗಿ ನೋಡಿ, “ಇವರ್ಯಾಕ ಕೆಳಗ ಒಬ್ಬರೇ ನಿಂತಾರ?” ಎಂದು ಕೇಳಿದರು.

“ಹೊಸಪೇಟ್ಯಾಗ ಕೂಡ್ತಾರಮ್ಮ,” ಎಂದೆ.

ಅಂದು ಫ್ಲಾಪಿಯನ್ನು ಕಂಡಕ್ಟರ್ ಕೈಗೆ ಕೊಡಲಿಲ್ಲ. ನನ್ನ ಚೀಲದಲ್ಲಿಟ್ಟುಕೊಂಡು ಬಂದೆ. ಪುಟ ಕಟ್ಟುವಾಗ ಎರಡು ದಾಖಲೆಗಳೂ ಒಂದೇ ಸಾಲಾಗಿ ಬಂದವು. ಪಕ್ಕದ ಜಾಹೀರಾತುಗಳು ಒಂದಿಷ್ಟೂ ಕದಲಲಿಲ್ಲ. ವಿರೂಪಾಕ್ಷಪ್ಪನವರು ಪ್ರೂಫ್ ನೋಡಿ ಸಹಿ ಹಾಕಿದರು. ಬೆಳಿಗ್ಗೆ ಬಂಡ್ರಿಗೆ ಹೋಗಿ ಬರಲೇ ಎಂದು ಕೇಳಿದೆ, ಹೆಸರೇನೂ ತಪ್ಪಾಗಿಲ್ಲವಾದರೂ.

“ಸರಿಯಾದಾಗ ಹೋಗಬಾರದು ಅಂತ ನಾನೆಲ್ಲಿ ಹೇಳೀನಿ?”

ಬೆಳಿಗ್ಗೆ ಪತ್ರಿಕೆ ಹಿಡಿದು ಹೋದೆ. ಹುಲುಗಪ್ಪ ಅದೇ ಕಟ್ಟೆಯ ಮೇಲಿದ್ದರು. “ಈ ಸಲ ನಾನು ಸತ್ತಿಲ್ಲ ಹೌದಲ್ರಿ?” ಎಂದು ಖಾತ್ರಿ ಮಾಡಿಕೊಂಡೇ ಒಳಗೆ ಕೂಗಿದರು. ಈರಮ್ಮ ಬಂದು ನನ್ನ ಪಕ್ಕದಲ್ಲಿ ಕುಳಿತರು. ಅವರಿಗೆ ಓದು ಅಷ್ಟಾಗಿ ಬರುತ್ತಿರಲಿಲ್ಲ. ಸಾಲನ್ನು ತೋರಿಸಿದೆ. ಮೊದಲ ಅಕ್ಷರದ ಮೇಲೆ ಬೆರಳಿಟ್ಟರು, ನಾನು ಓದುತ್ತಾ ಹೋದ ಹಾಗೆ ಬೆರಳನ್ನು ಸರಿಸುತ್ತಾ ಬಂದರು. ಬಂಡ್ರಿ ದಾಟಿತು, ಕಟ್ಟಿಮನಿ ದಾಟಿತು. ಹೋದ ವರ್ಷ ಹೆಸರು ನಿಂತಲ್ಲಿ ಬೆರಳು ಒಂದು ಗಳಿಗೆ ನಿಂತಿತು, ಆಮೇಲೆ ಮುಂದೆ ಹೋಯಿತು. ಕೊನೆಯ ಪದವನ್ನು ನಾನು ಓದಿದೆ. ಅವರ ತುಟಿ ಅಲುಗಿತು, ಸದ್ದು ಬರಲಿಲ್ಲ.

“ಇದರಾಚಿಗೆ ಏನೈತ್ರಿ?”

“ಆಚೆ ಏನೂ ಇಲ್ಲಮ್ಮ. ಹೆಸರು ಅಲ್ಲಿಗೆ ಮುಗೀತು.”

“ಹಂಗಾರ ಪೂರಾ ಬಂದ್ರು,” ಎಂದರು ಈರಮ್ಮ. ಬೆರಳನ್ನು ಅಲ್ಲಿಂದ ಎತ್ತಲಿಲ್ಲ.